ಮಕ್ಕಳ ಪಿಎಸ್‌ಸಿ, ಜೊತೆಗೆ ಕರುಳಿನ ಉರಿಯೂತ: ಬಾಯಿಂದ ವ್ಯಾಂಕೊಮೈಸಿನ್ ಶುರು ಮಾಡೋ ಮುಂಚೆ ಏನೇನು ನೋಡಿರಬೇಕು?

ಸಿಂಧನೂರು_ಮಕ್ಕಳ_ಡಾಕ್ಟರ್

ಪಿಎಸ್‌ಸಿ ಅಂದರೆ ಪಿತ್ತನಾಳಗಳು ಉರಿಯೂತದಿಂದ ಗಾಯಗಟ್ಟಿ ಕಿರಿದಾಗುವ ಲಿವರ್ ಕಾಯಿಲೆ; ವ್ಯಾಂಕೊಮೈಸಿನ್ ಒಂದು ಆ್ಯಂಟಿಬಯಾಟಿಕ್. ಚರ್ಚೆಗೆ ಒಂದು ಮಾದರಿ ಕೇಸ್ ಇಡ್ತೀನಿ. 11 ವರ್ಷದ ಹುಡುಗಿ, ತೂಕ 28 ಕೆಜಿ. ಸುಸ್ತು, ಆಗಾಗ ಮೈ ಕಡಿತ, ವಾರಕ್ಕೊಮ್ಮೆ ಮಲದಲ್ಲಿ ಸ್ವಲ್ಪ ರಕ್ತ. ರಕ್ತದ ಲಿವರ್ ಪರೀಕ್ಷೆಗಳಲ್ಲಿ ಬಿಲಿರುಬಿನ್ 0.9, ಎಎಲ್‌ಟಿ 96, ಜಿಜಿಟಿ 412. ಹೊಟ್ಟೆ ಸ್ಕ್ಯಾನಿಂಗ್ ನಾರ್ಮಲ್. ಎಂಆರ್‌ಸಿಪಿಯಲ್ಲಿ (ಎಂಆರ್‌ಐನಲ್ಲಿ ತೆಗೆಯುವ ಪಿತ್ತನಾಳದ ಚಿತ್ರ) ಪಿತ್ತನಾಳಗಳು ಕೆಲವು ಕಡೆ ಕಿರಿದಾಗಿ, ಕೆಲವು ಕಡೆ ಅಗಲವಾಗಿ ಮಣಿಸರದ ಹಾಗೆ ಕಾಣ್ತಿವೆ. ಮನೆಯವರು ಮೊಬೈಲ್‌ನಲ್ಲಿ ಓದಿಕೊಂಡು ಬಂದು “ವ್ಯಾಂಕೊಮೈಸಿನ್ ಬಾಯಿಂದ ಕೊಟ್ಟರೆ ಲಿವರ್ ಸರಿಹೋಗುತ್ತಂತೆ, ಬರೆದುಕೊಡಿ” ಅಂತಾರೆ. ಇಂಥ ಮಗು ತಾಲೂಕು ಮಟ್ಟದಲ್ಲಿ ಬಂದಾಗ ಏನು ಮಾಡಬೇಕು, ಏನು ಮಾಡಬಾರದು, ಯಾವ ಹಂತದಲ್ಲಿ ಮೇಲಕ್ಕೆ ಕಳಿಸಬೇಕು?

ಪಿತ್ತನಾಳ

ಮೊದಲ ಮಾತು: ಚೀಟಿ ಬರೆಯುವ ಮುಂಚೆ ಅಳತೆ ಮಾಡಿಡಿ. ಜಿಜಿಟಿ, ಎಎಲ್‌ಟಿ, ಎಎಸ್‌ಟಿ, ಬಿಲಿರುಬಿನ್ (ನೇರ ಮತ್ತು ಒಟ್ಟು), ಅಲ್ಬುಮಿನ್, ಪ್ಲೇಟ್‌ಲೆಟ್, ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ಪರೀಕ್ಷೆ), ಮಲದ ಕ್ಯಾಲ್‌ಪ್ರೊಟೆಕ್ಟಿನ್ (ಕರುಳಿನ ಉರಿಯೂತದ ಗುರುತು), ಕೊಲೊನೊಸ್ಕೋಪಿ (ದೊಡ್ಡ ಕರುಳನ್ನು ಕ್ಯಾಮೆರಾದಿಂದ ನೋಡುವುದು), ಎಂಆರ್‌ಸಿಪಿ. ಇಷ್ಟೂ ಕೈಯಲ್ಲಿ ಇಲ್ಲದೆ ಔಷಧಿ ಶುರುವಾದರೆ ಆಮೇಲೆ ಅದು ಕೆಲಸ ಮಾಡಿತೋ ಇಲ್ಲವೋ ಅಂತ ಯಾರೂ ಹೇಳಲಿಕ್ಕೆ ಆಗಲ್ಲ. ಈ ಕಾಯಿಲೆಯಲ್ಲಿ ಜಿಜಿಟಿ ತಾನಾಗಿಯೇ ಏರುತ್ತೆ, ಇಳಿಯುತ್ತೆ.

ಎಎಲ್‌ಪಿ (ಇನ್ನೊಂದು ಲಿವರ್ ಪರೀಕ್ಷೆ) ನೋಡಿ ತೀರ್ಮಾನ ಮಾಡಬೇಡಿ. ಬೆಳೆಯುವ ಮಕ್ಕಳಲ್ಲಿ ಮೂಳೆಯಿಂದಲೇ ಎಎಲ್‌ಪಿ ಜಾಸ್ತಿ ಬರುತ್ತೆ. ದೊಡ್ಡವರ ಪಿಎಸ್‌ಸಿಯ ಅಳತೆಗೋಲು ಮಕ್ಕಳಿಗೆ ಹೊಂದಲ್ಲ, ಅದಕ್ಕೇ ಜಿಜಿಟಿ.

ಎರಡನೇದು, ಇದು ಬರೀ ಪಿಎಸ್‌ಸಿಯೋ, ಜೊತೆಗೆ ಆಟೊಇಮ್ಯೂನ್ ಹೆಪಟೈಟಿಸ್ (ದೇಹದ ರೋಗನಿರೋಧಕ ಶಕ್ತಿಯೇ ಲಿವರ್ ಮೇಲೆ ತಿರುಗಿಬೀಳುವ ಕಾಯಿಲೆ) ಕೂಡ ಇದೆಯೋ? 2017ರಲ್ಲಿ ಬಂದ, ಹಲವು ದೇಶಗಳ 781 ಮಕ್ಕಳನ್ನು ಒಟ್ಟು ಸೇರಿಸಿ ನೋಡಿದ ವರದಿಯಲ್ಲಿ ಶೇ. 33 ಮಕ್ಕಳಿಗೆ ಎರಡೂ ಇತ್ತು. ಶೇ. 76 ಮಕ್ಕಳಿಗೆ ಕರುಳಿನ ಉರಿಯೂತ ಇತ್ತು. ಎರಡೂ ಇರುವ ಮಗುವಿಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಸ್ಟಿರಾಯ್ಡ್ ಮತ್ತು ಅಜಥಯೊಪ್ರಿನ್‌ನಿಂದ ನಿಜವಾದ ಲಾಭ ಇದೆ. ಬರೀ ಪಿಎಸ್‌ಸಿಗೆ ಅವುಗಳಿಂದ ಲಾಭ ಇಲ್ಲ. ಹಾಗಾಗಿ ಅದನ್ನು ಹಿಡಿಯುವ ರಕ್ತಪರೀಕ್ಷೆಗಳಾದ ಐಜಿಜಿ, ಎಎನ್‌ಎ, ಸ್ಮೂತ್ ಮಸಲ್ ಆ್ಯಂಟಿಬಾಡಿ, ಎಲ್‌ಕೆಎಂ-1 ಮಾಡಿಸಿ, ಲಿವರ್ ಬಯಾಪ್ಸಿ ಬೇಕೋ ಅಂತ ಯೋಚಿಸಿ. ನಿಮ್ಮ ಮಾದರಿ ಮಗುವಿನ ಎಎಲ್‌ಟಿ 96 ಅಷ್ಟೇನೂ ಹೆಚ್ಚಲ್ಲ ನಿಜ, ಆದರೆ ಐಜಿಜಿ ನೋಡದೆ ಬಿಡುವಂತಿಲ್ಲ.

ಮೂರನೇದು, ನಮ್ಮ ಕಡೆ ಟಿಬಿ. ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಜಾಗದ ಟಿಬಿ ಥೇಟ್ ಕ್ರೋನ್ಸ್ ಕಾಯಿಲೆಯ (ಕರುಳಿನ ಉರಿಯೂತದ ಒಂದು ಬಗೆ) ಹಾಗೆ ಕಾಣುತ್ತೆ. ಲಿವರ್ ಬುಡದ ಗಂಟುಗಳು ಊದಿಕೊಂಡರೆ ಪಿತ್ತನಾಳವನ್ನೇ ಒತ್ತುತ್ತವೆ. ಎದೆ ಎಕ್ಸ್‌ರೇ, ಟಿಬಿ ಪರೀಕ್ಷೆಗಳಾದ ಮಾಂಟೂ ಅಥವಾ ಇಗ್ರಾ, ಕೊಲೊನೊಸ್ಕೋಪಿಯಲ್ಲಿ ತೆಗೆದ ಚೂರನ್ನು ಬಯಾಪ್ಸಿಯ ಜೊತೆಗೆ ಜೀನ್‌ಎಕ್ಸ್‌ಪರ್ಟ್‌ಗೂ ಕಲ್ಚರ್‌ಗೂ ಹಾಕಿ. ಫಾರ್ಮಲಿನ್‌ನಲ್ಲಿ ಹಾಕಿದ ಚೂರು ಕಲ್ಚರ್‌ಗೆ ಬರಲ್ಲ, ಸಲೈನ್ ಬಾಟಲಿ ಬೇರೆ ತಯಾರಿರಲಿ. ಇದನ್ನು ಸ್ಕೋಪಿಗೆ ಮೊದಲೇ ಹೇಳಿಡಬೇಕು, ಆಮೇಲೆ ನೆನಪಾದರೆ ಮಗುವಿಗೆ ಮತ್ತೊಮ್ಮೆ ಅರಿವಳಿಕೆ.

ಎಂಆರ್‌ಐ_ಟೇಬಲ್

ಎಂಆರ್‌ಸಿಪಿ ಬಗ್ಗೆ ಎರಡು ಮಾತು. ಮಗು ಅಲುಗಾಡಿದರೆ, ಉಸಿರು ಹಿಡಿಯದಿದ್ದರೆ ಆರೋಗ್ಯವಾದ ನಾಳವೂ ಮಣಿಸರದಂತೆ ಕಾಣುತ್ತೆ. ಹಾಗಾಗಿ ವರದಿಯಲ್ಲಿ “ಮೋಷನ್ ಆರ್ಟಿಫ್ಯಾಕ್ಟ್” ಅಂತ ಬರೆದಿದ್ದರೆ ಆ ಚಿತ್ರದ ಮೇಲೆ ಜೀವನಪೂರ್ತಿಯ ರೋಗನಿರ್ಣಯ ಕಟ್ಟಬೇಡಿ. 4ರಿಂದ 6 ತಾಸು ಹೊಟ್ಟೆ ಖಾಲಿ ಇರಬೇಕು, ಆಗ ಪಿತ್ತಕೋಶ ತುಂಬಿರುತ್ತೆ. ಜಠರದೊಳಗಿನ ನೀರು ಬೆಳ್ಳಗೆ ಹೊಳೆದು ನಾಳವನ್ನು ಮುಚ್ಚುವುದುಂಟು. ಅದಕ್ಕೆ ಕೆಲವು ಕಡೆ ಸ್ಕ್ಯಾನ್‌ಗೆ ಮುಂಚೆ ಅನಾನಸ್ ಜ್ಯೂಸ್ ಕುಡಿಸ್ತಾರೆ, ಅದರಲ್ಲಿರುವ ಮ್ಯಾಂಗನೀಸ್ ಆ ಹೊಳಪು ತಗ್ಗಿಸುತ್ತೆ. ಮಗುವಿಗೆ ಅರಿವಳಿಕೆ ಕೊಡುವುದಾದರೆ ಜ್ಯೂಸ್ ಇಲ್ಲ.

ಎಂಆರ್‌ಐ ಮಷೀನ್ ಇದ್ದ ಕಡೆಯೆಲ್ಲಾ ಮಕ್ಕಳ ಎಂಆರ್‌ಸಿಪಿ ಮಾಡ್ತಾರೆ ಅಂತಲ್ಲ. ರಾಯಚೂರಿನಿಂದ ಬಸ್ ಹತ್ತಿಸುವ ಮುಂಚೆ ಫೋನ್ ಮಾಡಿ “11 ವರ್ಷದ ಮಗು, ಅರಿವಳಿಕೆ ಡಾಕ್ಟರ್ ಇರ್ತಾರಾ” ಅಂತ ಕೇಳಿ. ಎಂಆರ್‌ಸಿಪಿ ನಾರ್ಮಲ್ ಬಂದರೂ ಕಾಯಿಲೆ ಇಲ್ಲ ಅಂತ ಆಗಲ್ಲ. ಸಣ್ಣ ನಾಳಗಳಲ್ಲಷ್ಟೇ ಇದ್ದರೆ ಬಯಾಪ್ಸಿಯಲ್ಲಿ ಮಾತ್ರ ಗೊತ್ತಾಗುತ್ತೆ.

ಲ್ಯಾಬ್_ಬಳ್ಳಾರಿ

ಕ್ಯಾಲ್‌ಪ್ರೊಟೆಕ್ಟಿನ್ ಸ್ಯಾಂಪಲ್ ಹಾಳಾಗೋದೇ ಜಾಸ್ತಿ, ಅದನ್ನ ಹೇಳ್ತೀನ್ರಿ. ಕಡಲೆಕಾಳಿನಷ್ಟು ಮಲ ಸಾಕು. ನೀರು, ಮೂತ್ರ ಸೇರಬಾರದು. ಮೇ ತಿಂಗಳಾಗ ನಮ್ಮ ಬಳ್ಳಾರಿ ಬಿಸಿಲಿನಾಗ ಡಬ್ಬಿ ಗಾಡಿ ಡಿಕ್ಕಿಯೊಳಗ ಇಟ್ಟು ಎರಡು ದಿನ ತಿರುಗಾಡಿಸಿದರ ಬರೋ ಸಂಖ್ಯೆ ನಂಬೂ ಹಂಗಿಲ್ಲ, ಕಡಿಮಿ ತೋರಸ್ತದ. ಐಸ್ ಪ್ಯಾಕ್ ಜೊತೆ ಒಂದೇ ದಿನದಾಗ ಮುಟ್ಟಿಸ್ರಿ. ಹಿಂದಿನ ವಾರ ಐಬುಪ್ರೊಫೆನ್ ತಗೊಂಡಿದ್ದರ ಚೀಟಿ ಮ್ಯಾಲೆ ಬರೀರಿ, ಅದರಿಂದ ಏರ್ತದ.

50ರ ಕೆಳಗೆ ಅಂದರ ಕರುಳು ಶಾಂತ. 250ರ ಮ್ಯಾಲೆ ಹೋದರ ಉರಿಯೂತ ನಡದದ ಅಂತ ತಿಳೀರಿ. ನಡುವಿನದು ಬೂದು ಬಣ್ಣ, ಮತ್ತೊಮ್ಮೆ ಮಾಡಸ್ರಿ.

ಪಿತ್ತನಾಳ

ಲ್ಯಾಬ್‌ನವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಪಿಎಸ್‌ಸಿ ಜೊತೆಗಿನ ಕೊಲೈಟಿಸ್ (ದೊಡ್ಡ ಕರುಳಿನ ಉರಿಯೂತ) ಮೋಸಗಾರ. ದೊಡ್ಡ ಕರುಳಿನ ಉದ್ದಕ್ಕೂ ಇರುತ್ತೆ, ಬಲಭಾಗದಲ್ಲಿ ಜೋರು, ಗುದದ್ವಾರದ ಹತ್ತಿರ ಎಷ್ಟೋ ಸಲ ಸ್ವಚ್ಛ. ಹಾಗಾಗಿ ರಕ್ತ, ಭೇದಿ ಕಡಿಮೆ. ಮಗು ಶಾಲೆಗೆ ಹೋಗ್ತಾ ಇರುತ್ತೆ, ಒಳಗೆ ಕರುಳು ಸುಡ್ತಾ ಇರುತ್ತೆ. ಬರೀ ಸಿಗ್ಮಾಯ್ಡ್‌ವರೆಗೆ ಸ್ಕೋಪಿ ಮಾಡಿ “ನಾರ್ಮಲ್” ಅಂತ ಬರೆದರೆ ತಪ್ಪುತ್ತೆ. ಪೂರ್ತಿ ಕೊಲೊನೊಸ್ಕೋಪಿ, ಇಲಿಯಂವರೆಗೆ, ಚೆನ್ನಾಗಿ ಕಾಣುವ ಜಾಗದಿಂದಲೂ ಬಯಾಪ್ಸಿ. ಪಿಎಸ್‌ಸಿ ಗೊತ್ತಾದ ಮಗುವಿಗೆ ಹೊಟ್ಟೆಯ ತೊಂದರೆ ಇಲ್ಲದಿದ್ದರೂ ಒಮ್ಮೆ ಇದು ಆಗಲೇಬೇಕು.

ಸಿಂಧನೂರು_ಮಕ್ಕಳ_ಡಾಕ್ಟರ್

ಸರಿ. ಇಷ್ಟೆಲ್ಲಾ ಆಯ್ತು ಅಂತಿಟ್ಟುಕೊಳ್ಳೋಣ. ಟಿಬಿ ಇಲ್ಲ, ಐಜಿಜಿ ನಾರ್ಮಲ್, ಪ್ಯಾನ್‌ಕೊಲೈಟಿಸ್ (ದೊಡ್ಡ ಕರುಳಿನ ಉದ್ದಕ್ಕೂ ಉರಿಯೂತ) ಇದೆ. ಈಗ ವ್ಯಾಂಕೊಮೈಸಿನ್ ಹೌದೋ ಅಲ್ಲವೋ?

ಪಿತ್ತನಾಳ

ಚರಿತ್ರೆ ಚಿಕ್ಕದು. 1998ರಲ್ಲಿ ಅಮೆರಿಕದಿಂದ ಮೂರು ಮಕ್ಕಳ ವರದಿ, 2008ರಲ್ಲಿ 14 ಮಕ್ಕಳದ್ದು. ಜಿಜಿಟಿ, ಎಎಲ್‌ಟಿ ಇಳಿದವು, ಕರುಳೂ ಶಾಂತವಾಯಿತು, ಔಷಧಿ ನಿಲ್ಲಿಸಿದಾಗ ಕೆಲವರಲ್ಲಿ ಮತ್ತೆ ಏರಿತು. ಅಲ್ಲಿಂದ ಆಸೆ ಹುಟ್ಟಿತು. ಆದರೆ 2021ರಲ್ಲಿ ವ್ಯಾಂಕೊಮೈಸಿನ್ ತಗೊಂಡವರು, ಉರ್ಸೊ (ಉರ್ಸೊಡಿಯಾಕ್ಸಿಕೋಲಿಕ್ ಆ್ಯಸಿಡ್, ಪಿತ್ತದ ಹರಿವಿಗೆ ಕೊಡುವ ಮಾತ್ರೆ) ತಗೊಂಡವರು, ಯಾವುದೂ ತಗೊಳ್ಳದವರು, ಈ ಮೂರು ಗುಂಪನ್ನು ವಯಸ್ಸು, ಕಾಯಿಲೆಯ ಹಂತ ಹೊಂದಿಸಿ 88-88-88 ಮಕ್ಕಳಂತೆ ಇಟ್ಟು ನೋಡಿದರು. ಒಂದು ವರ್ಷಕ್ಕೆ ಜಿಜಿಟಿ ನಾರ್ಮಲ್ ಆದವರು ಮೂರೂ ಕಡೆ ಸುಮಾರು ಅರ್ಧದಷ್ಟು. ಏನೂ ತಗೊಳ್ಳದವರಲ್ಲೂ ಅರ್ಧ! ಹಾಗಾಗಿ “ಔಷಧಿ ಕೊಟ್ಟೆ, ಇಳಿಯಿತು” ಅನ್ನುವುದು ಪುರಾವೆ ಅಲ್ಲ.

ಹಾಗಂತ ಕೆಲಸಕ್ಕೆ ಬರಲ್ಲ ಅಂತಲೂ ನಾನು ಹೇಳಲ್ಲ. ಕೆಲವು ಮಕ್ಕಳಲ್ಲಿ, ಅದರಲ್ಲೂ ಕೊಲೈಟಿಸ್ ಬೇರೆ ಔಷಧಿಗೆ ಬಗ್ಗದಿದ್ದಾಗ, ಕರುಳಿನ ಮೇಲೆ ಪರಿಣಾಮ ಎದ್ದು ಕಾಣುತ್ತೆ. ನನ್ನ ತೀರ್ಪು: ಮಕ್ಕಳ ಗ್ಯಾಸ್ಟ್ರೋ ತಜ್ಞರ ಕೈಯಲ್ಲಿ, ಅವಧಿ ನಿಗದಿ ಮಾಡಿ, ಮೂರು ತಿಂಗಳ ಪರೀಕ್ಷೆ. ಕ್ಯಾಲ್‌ಪ್ರೊಟೆಕ್ಟಿನ್, ಜಿಜಿಟಿ ಎರಡೂ ಕದಲದಿದ್ದರೆ ನಿಲ್ಲಿಸಿ. ಒಂದು ವರ್ಷದಲ್ಲಿ ಜಿಜಿಟಿ 50ರ ಕೆಳಗೆ, ಅಥವಾ ಶುರುವಿನದಕ್ಕಿಂತ ಶೇ. 75 ಇಳಿದ ಮಕ್ಕಳ ಮುಂದಿನ ದಾರಿ ಚೆನ್ನಾಗಿರುತ್ತೆ ಅನ್ನುವುದು ಗೊತ್ತಿರುವ ವಿಷಯ. ಅದು ಯಾವ ಔಷಧಿಯಿಂದ ಇಳಿದರೂ, ತಾನಾಗಿ ಇಳಿದರೂ.

ಔಷಧಿ_ಅಂಗಡಿ_ಗಂಗಾವತಿ

ಡಾಕ್ಟರ್ ಚೀಟಿ ಬರೆದ ಮ್ಯಾಲೆ ಏನೇನು ಎಡವಟ್ಟು ಆಗ್ತದ ಅಂತ ಹೇಳ್ತೀನ್ರಿ ಸರ.

ಲೆಕ್ಕ: ದಿನಕ್ಕೆ ಕೆಜಿಗೆ 50 ಮಿಗ್ರಾಂ, ಮೂರು ಸಲ ಹಂಚಿ, ದಿನಕ್ಕ 1500 ದಾಟಬಾರದು. 28 ಕೆಜಿಗೆ 1400. ಅಂದರ ಸಲಕ್ಕೆ 450 ಅಂತ ಇಟಗೊಂಡರ ಅಳೀಲಿಕ್ಕೆ ಸಲೀಸು. ಕ್ಯಾಪ್ಸೂಲ್ 125, 250ರಾಗ ಬರ್ತಾವ, ಆದರ ಸಣ್ಣ ಊರಾಗ ಸಿಗೂದು ಕಷ್ಟ. ಇಂಜೆಕ್ಷನ್ ವಯಲ್‌ನ ಪುಡೀನೇ ಬಾಯಿಗೆ ಕೊಡ್ತಾರ.

500 ಮಿಗ್ರಾಂ ವಯಲ್‌ಗೆ 10 ಎಂಎಲ್ ಸ್ಟೆರೈಲ್ ವಾಟರ್ ಹಾಕಿದರ ಒಂದು ಎಂಎಲ್‌ಗೆ 50 ಮಿಗ್ರಾಂ. 450ಕ್ಕ 9 ಎಂಎಲ್. ಜೋರಾಗಿ ಅಲುಗಾಡಿಸಬ್ಯಾಡ್ರಿ, ನೊರೆ ಬಂದು ಅಳತಿ ತಪ್ಪತದ. ಅಂಗೈಯಾಗ ಹೊರಳಿಸ್ರಿ. ಒಂದು ಗ್ರಾಂ ವಯಲ್ ಆದರ 20 ಎಂಎಲ್. ಇದೇ ನೋಡ್ರಿ ದೊಡ್ಡ ತಪ್ಪು: ಈ ಸಲ 500 ಸಿಗಲಿಲ್ಲ ಅಂತ ಒಂದು ಗ್ರಾಂ ಕೊಡ್ತಾರ, ಮನಿಯಾಗ ಅದಕ್ಕೂ 10 ಎಂಎಲ್ ಹಾಕ್ತಾರ, ಡಬಲ್ ಡೋಸ್ ಹೋಗ್ತದ. ವಯಲ್ ಬದಲಾದರ ಡಬ್ಬಿ ಮ್ಯಾಲೆ ದಪ್ಪ ಅಕ್ಷರದಾಗ ಬರೆದು ಕೊಡ್ರಿ.

ರುಚಿ ಭಾಳ ಕಹಿ. ಕೊಡೂ ಹೊತ್ತಿನಾಗ ಲೋಟದಾಗ ಶರಬತ್ತು ಬೆರೆಸ್ರಿ, ವಯಲ್ ಒಳಗ ಬೆರೆಸಬ್ಯಾಡ್ರಿ. ಕಲಸಿದ್ದು ಫ್ರಿಜ್‌ನಾಗ ಎಷ್ಟು ತಾಸು ಇಡಬಹುದು ಅಂತ ಕಂಪನಿ ಚೀಟಿಯಾಗ ಇರ್ತದ, ಅದಕ್ಕಿಂತ ಜಾಸ್ತಿ ಬ್ಯಾಡ. ಕರೆಂಟ್ ಹೋಗೂ ಊರಾದರ ಆಯಾ ಡೋಸಿಗೆ ಆಗಲೇ ಒಂದು ವಯಲ್ ಕಲಿಸೂದೇ ಚಲೋ. ಉಳಿದ ಒಂದು ಎಂಎಲ್ ಚೆಲ್ರಿ. ತಿಂಗಳಿಗೆ 90 ವಯಲ್ ಬೇಕಾಗ್ತದ, ಒಮ್ಮೆಲೇ ಹೇಳಿ ತರಸ್ರಿ. ನಡುವ ಖಾಲಿ ಆದರ ಡೋಸ್ ತಪ್ಪತದ.

ಇನ್ನೊಂದು. ವಯಲ್ ನೋಡಿದ ಕೂಡಲೇ ಊರ ಕಾಂಪೌಂಡರ್ “ಇದು ಇಂಜೆಕ್ಷನ್, ನರಕ್ಕ ಹಾಕಬೇಕು” ಅಂತಾರ. ಹಂಗ ಮಾಡಿಸಿಕೊಂಡರ ಎರಡು ಕೆಡುಕು. ನರದಾಗ ಹೋದದ್ದು ಕರುಳಿನ ಒಳಗ ಸಾಕಷ್ಟು ಮುಟ್ಟೂದಿಲ್ಲ. ಮತ್ತ ಜೋರಾಗಿ ತಳ್ಳಿದರ ಮೈ ಕೆಂಪಾಗಿ ಬಿಪಿ ಬೀಳ್ತದ. ಚೀಟಿ ಮ್ಯಾಲೆ “ಬಾಯಿಗೆ ಮಾತ್ರ” ಅಂತ ಕನ್ನಡದಾಗ ಬರೀರಿ ಸರ, ದಯವಿಟ್ಟು.

ಸಿಂಧನೂರು_ಮಕ್ಕಳ_ಡಾಕ್ಟರ್

ಬಾಯಿಂದ ಕೊಟ್ಟಾಗ ರಕ್ತಕ್ಕೆ ಸೇರೋದೇ ಇಲ್ವಾ? ಕಿಡ್ನಿ ನೋಡಬೇಕಾ?

ಪಿತ್ತನಾಳ

ಆರೋಗ್ಯವಾದ ಕರುಳಿನಿಂದ ಬಹುತೇಕ ಸೇರಲ್ಲ. ಕರುಳು ತೀರಾ ಹುಣ್ಣಾಗಿದ್ದು, ಕಿಡ್ನಿಯೂ ದುರ್ಬಲವಾಗಿದ್ದರೆ ಸೇರುವುದುಂಟು. ಕ್ರಿಯಾಟಿನಿನ್ ಶುರುವಿನಲ್ಲಿ ಒಮ್ಮೆ, ಆಮೇಲೆ ಲಿವರ್ ಪರೀಕ್ಷೆಯ ಜೊತೆಗೆ. ನನಗೆ ಹೆಚ್ಚು ಚಿಂತೆ ಇರೋದು ವ್ಯಾಂಕೊಮೈಸಿನ್‌ಗೆ ಬಗ್ಗದ ಎಂಟರೊಕಾಕಸ್ ಬ್ಯಾಕ್ಟೀರಿಯಾ. ವರ್ಷಗಟ್ಟಲೆ ಕೊಟ್ಟ ಮಗುವಿಗೆ ನಾಳೆ ಲಿವರ್ ಕಸಿ ಶಸ್ತ್ರಚಿಕಿತ್ಸೆ ಬೇಕಾದಾಗ ಅದು ತಲೆನೋವು. ಹಾಗಾಗಿಯೇ “ಇರಲಿ ಬಿಡಿ, ನಡೀತಾ ಇರಲಿ” ಅಂತ ಬಿಡಬಾರದು.

ಉರ್ಸೊಡಿಯಾಕ್ಸಿಕೋಲಿಕ್ ಆ್ಯಸಿಡ್ ಬಗ್ಗೆ ಯಾರೂ ಕೇಳಿಲ್ಲ, ಆದರೂ ಹೇಳ್ತೀನಿ. ಕೆಜಿಗೆ 15ರಿಂದ 20 ಮಿಗ್ರಾಂ, ಅಷ್ಟೇ. 28 ಕೆಜಿಗೆ ಬೆಳಗ್ಗೆ 300, ರಾತ್ರಿ 150 ಸಾಕು, ಊಟದ ಜೊತೆ. ದೊಡ್ಡವರಲ್ಲಿ 28ರಿಂದ 30 ಮಿಗ್ರಾಂ ಕೊಟ್ಟು ನೋಡಿದ ಪ್ರಯೋಗ 2009ರಲ್ಲಿ ಪ್ರಕಟವಾಯಿತು. ಲಿವರ್ ಪರೀಕ್ಷೆ ಸುಧಾರಿಸಿತ್ತು, ರೋಗಿಗಳ ಸ್ಥಿತಿ ಮಾತ್ರ ಕೆಟ್ಟಿತ್ತು. ಕಾಗದದ ಮೇಲಿನ ಸಂಖ್ಯೆ ಇಳಿದರೆ ನಾಳ ಸರಿಹೋಯಿತು ಅಂತ ತಿಳಿಯಬಾರದು ಅನ್ನೋದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ. “ಕೆಲಸ ಮಾಡ್ತಿಲ್ಲ, ಡೋಸ್ ಏರಿಸೋಣ” ಅನ್ನಬೇಡಿ.

ಔಷಧಿ_ಅಂಗಡಿ_ಗಂಗಾವತಿ

ಉರ್ಸೊ 300 ಜನೌಷಧಿ ಅಂಗಡಿಯಾಗ ಕಡಿಮಿ ರೇಟಿಗೆ ಸಿಗ್ತದ. ಮೈ ಕಡಿತಕ್ಕೆ ಕೊಲೆಸ್ಟೈರಮಿನ್ ಪುಡಿ ಬರೆದಿದ್ದರ, ಅದು ಉರ್ಸೊ, ವ್ಯಾಂಕೊಮೈಸಿನ್ ಎರಡನ್ನೂ ಹೊಟ್ಟಿಯಾಗ ಹಿಡಕೊಂಡು ಹೊರಗ ಹಾಕ್ತದ. ನಾಲ್ಕು ತಾಸು ಅಂತರ ಬೇಕು. ಮೂರು ಹೊತ್ತು ವ್ಯಾಂಕೊಮೈಸಿನ್ ನಡುವ ಅದಕ್ಕ ಜಾಗ ಹುಡುಕೂದು ಕಷ್ಟ ಐತಿ, ಟೈಮ್ ಚೀಟಿ ಬರೆದು ಗ್ವಾಡಿಗೆ ಹಚ್ಚಲಿಕ್ಕೆ ಹೇಳ್ರಿ.

ಪಿತ್ತನಾಳ

ಕಡಿತಕ್ಕೆ ರಿಫಾಂಪಿಸಿನ್ ಕೂಡ ಕೊಡ್ತಾರೆ, ಕೆಜಿಗೆ 5ರಿಂದ 10 ಮಿಗ್ರಾಂ. ಮೂತ್ರ ಕಿತ್ತಳೆ ಬಣ್ಣ ಆಗುತ್ತೆ, ಮನೆಯವರು ಗಾಬರಿಯಾಗದಂತೆ ಮೊದಲೇ ಹೇಳಿ. ಆದರೆ ಟಿಬಿ ಇಲ್ಲ ಅಂತ ಖಚಿತವಾಗುವ ತನಕ ಮುಟ್ಟಬೇಡಿ. ಒಳಗೆ ಟಿಬಿ ಇದ್ದು ಇದೊಂದನ್ನೇ ಕೊಟ್ಟರೆ ಔಷಧಿಗೆ ಬಗ್ಗದ ಟಿಬಿಯನ್ನು ನಾವೇ ಬೆಳೆಸಿದಂತೆ.

ಕೊಲೈಟಿಸ್‌ಗೆ ಮೆಸಲಮಿನ್, ಜೋರಾದರೆ ಸ್ಟಿರಾಯ್ಡ್, ಆಮೇಲೆ ಅಜಥಯೊಪ್ರಿನ್, ಅದಕ್ಕೂ ಬಗ್ಗದಿದ್ದರೆ ಜೈವಿಕ ಔಷಧಿಗಳು. ಕರುಳಿನ ಚಿಕಿತ್ಸೆ ಎಲ್ಲರಿಗೂ ಗೊತ್ತಿರುವುದೇ, ಉದ್ದ ಮಾಡಲ್ಲ. ಒಂದೇ ಎಚ್ಚರಿಕೆ: ಅಜಥಯೊಪ್ರಿನ್‌ಗೆ ಮುಂಚೆ ಟಿಪಿಎಂಟಿ ಜೊತೆಗೆ ಎನ್‌ಯುಡಿಟಿ15 ಪರೀಕ್ಷೆಯನ್ನೂ ಕೇಳಿ, ಎರಡೂ ದೇಹ ಈ ಔಷಧಿಯನ್ನು ತಾಳುತ್ತೋ ಅಂತ ಹೇಳುವ ಪರೀಕ್ಷೆ. ಭಾರತೀಯರಲ್ಲಿ ಬಿಳಿರಕ್ತಕಣ ಕುಸಿಯೋದಕ್ಕೆ ಎನ್‌ಯುಡಿಟಿ15 ದೋಷ ಮುಖ್ಯ ಕಾರಣ. ಪರೀಕ್ಷೆ ನಾರ್ಮಲ್ ಬಂದರೂ ಮೊದಲ ತಿಂಗಳು ವಾರವಾರ ಸಿಬಿಸಿ (ರಕ್ತಕಣಗಳ ಎಣಿಕೆ). ಚಿಕನ್‌ಪಾಕ್ಸ್, ಎಂಎಂಆರ್ ಲಸಿಕೆ ಬಾಕಿ ಇದ್ದರೆ ಔಷಧಿಗೆ ಕನಿಷ್ಠ ನಾಲ್ಕು ವಾರ ಮೊದಲು. ಒಮ್ಮೆ ಶುರುವಾದ ಮೇಲೆ ಜೀವಂತ ಲಸಿಕೆ ಕೊಡಲಿಕ್ಕೆ ಬರಲ್ಲ.

ಆಹಾರ_ಕೊಪ್ಪಳ

ನನ್ನ ಕಡೆಯಿಂದ ಒಂದೇ ಕೋರಿಕೆ. ಲಿವರ್ ಅಂದ ಕೂಡಲೇ ಮನೆಯಲ್ಲಿ ಎಣ್ಣೆ ಬಂದ್, ಬೇಳೆ ಬಂದ್, ತಿಂಗಳುಗಟ್ಟಲೆ ಗಂಜಿ. ಕಾಮಣಿ ಪಥ್ಯ ಅಂತಾರೆ. ಬಿಲಿರುಬಿನ್ 0.9 ಇರುವ ಮಗುವಿಗೆ ಎಣ್ಣೆ ಬಿಡಿಸಲಿಕ್ಕೆ ಕಾರಣವೇ ಇಲ್ಲ. 11 ವರ್ಷಕ್ಕೆ 28 ಕೆಜಿ ಅಂದರೆ ತೂಕ ಸ್ವಲ್ಪ ಕಡಿಮೆಯೇ. ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಮೊಟ್ಟೆ, ಬೇಳೆ ಎಲ್ಲಾ ನಡೆಯಲಿ. ಕರುಳು ಕೆರಳಿದ ವಾರ ಮಾತ್ರ ಖಡಕ್ ರೊಟ್ಟಿ, ಹಸಿ ಸೊಪ್ಪು, ಮಿರ್ಚಿ ಬಿಟ್ಟು ಮೆತ್ತನೆ ಅನ್ನ, ತೊವ್ವೆ, ಮೊಸರು.

ಕಣ್ಣು ಹಳದಿಯಾಗಿ, ಮಲ ಜಿಡ್ಡಾಗಿ ತೇಲಲಿಕ್ಕೆ ಶುರುವಾದರೆ ಲೆಕ್ಕ ಬೇರೆ. ಆಗ ಪಿತ್ತವಿಲ್ಲದೆಯೂ ಹೀರಿಕೊಳ್ಳುವ ಎಂಸಿಟಿ ಎಣ್ಣೆ ಸೇರಿಸಬೇಕು. ಸಿಗದಿದ್ದರೆ ಅಡುಗೆಗೆ ಕೊಬ್ಬರಿ ಎಣ್ಣೆ, ಪೂರ್ತಿ ಸಮ ಅಲ್ಲದಿದ್ದರೂ ಹತ್ತಿರದ್ದು. ಎ, ಡಿ, ಇ, ಕೆ ನಾಲ್ಕೂ ವಿಟಮಿನ್ ನೋಡಬೇಕು. ಐಎನ್‌ಆರ್ ಏರಿದ್ದರೆ ಮೊದಲು ವಿಟಮಿನ್ ಕೆ ಇಂಜೆಕ್ಷನ್. ಅದಕ್ಕೆ ಇಳಿದರೆ ಹೀರಿಕೊಳ್ಳುವ ತೊಂದರೆ, ಇಳಿಯದಿದ್ದರೆ ಲಿವರ್ ಸೋಲ್ತಿದೆ ಅಂತ.

ಅಮೃತಬಳ್ಳಿ ಕಷಾಯ ಬೇಡವೇ ಬೇಡ. ಅದರಿಂದ ಆಟೊಇಮ್ಯೂನ್ ಹೆಪಟೈಟಿಸ್‌ನಂಥ ಲಿವರ್ ಹಾನಿ ಆದ ವರದಿಗಳು ನಮ್ಮ ದೇಶದಿಂದಲೇ 2021ರಿಂದ ಬಂದಿವೆ. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆಯಲ್ಲಿ ಕಾಮಣಿಗೆ ಬರೆ ಹಾಕಿಸೋದು ಇನ್ನೂ ನಿಂತಿಲ್ಲ. ಅಜಥಯೊಪ್ರಿನ್ ತಗೊಳ್ಳುವ ಮಗುವಿಗೆ ಆ ಸುಟ್ಟ ಗಾಯ ಕೀವಾದರೆ ಜೀವಕ್ಕೇ ಬರುತ್ತೆ. ಬೈಯಬೇಡಿ, ಅಜ್ಜಿಯನ್ನೂ ಕೂರಿಸಿಕೊಂಡು ಹೇಳಿ. ಮನೆಯಲ್ಲಿ ತೀರ್ಮಾನ ಮಾಡೋದು ಅವರೇ.

ಸಿಂಧನೂರು_ಮಕ್ಕಳ_ಡಾಕ್ಟರ್

ಜ್ವರ ಬಂದಾಗ? ನಮ್ಮಲ್ಲಿಗೆ ಮೊದಲು ಬರೋದು ಅದೇ.

ಪಿತ್ತನಾಳ

ಪಿಎಸ್‌ಸಿ ಇರುವ ಮಗುವಿಗೆ ನಡುಕದ ಜ್ವರ, ಬಲಪಕ್ಕೆ ನೋವು, ಹೊಸದಾಗಿ ಹಳದಿ ಬಂದರೆ ಅದು ಪಿತ್ತನಾಳದ ಸೋಂಕು ಅಂತಲೇ ಹಿಡಿಯಿರಿ. ಬ್ಲಡ್ ಕಲ್ಚರ್ ತೆಗೆದು, ತಕ್ಷಣ ನರದಲ್ಲಿ ಆ್ಯಂಟಿಬಯಾಟಿಕ್. ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್ ಇದ್ದರೆ ಅದು. ಸೆಫ್ಟ್ರಿಯಾಕ್ಸೋನ್ ಪಿತ್ತಕೋಶದಲ್ಲಿ ಕೆಸರು ಕೂರಿಸುತ್ತೆ, ಆದರೆ ಬೇರೇನೂ ಇಲ್ಲದಿದ್ದರೆ ಅದನ್ನೇ ಕೊಟ್ಟು ಕಳಿಸಿ. ತಡ ಮಾಡೋದು ಕೆಸರಿಗಿಂತ ಕೆಟ್ಟದ್ದು. ಬಾಯಿಂದ ಕೊಡ್ತಿರುವ ವ್ಯಾಂಕೊಮೈಸಿನ್ ಈ ಸೋಂಕನ್ನು ತಡೆಯಲ್ಲ, “ಆ್ಯಂಟಿಬಯಾಟಿಕ್ ನಡೀತಾ ಇದೆಯಲ್ಲ” ಅಂತ ಕಾಯಬೇಡಿ. ಒಂದು ದೊಡ್ಡ ನಾಳ ಕಟ್ಟಿಕೊಂಡಿದ್ದರೆ ಇಆರ್‌ಸಿಪಿಯಲ್ಲಿ (ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ ಪಿತ್ತನಾಳ ತಲುಪುವ ವಿಧಾನ) ಬಲೂನಿನಿಂದ ಹಿಗ್ಗಿಸ್ತಾರೆ. ಬರೀ ಚಿತ್ರ ನೋಡಲಿಕ್ಕೆ ಇಆರ್‌ಸಿಪಿ ಬೇಡ, ಅದರಿಂದಲೇ ಸೋಂಕು, ಪ್ಯಾಂಕ್ರಿಯಾಟೈಟಿಸ್ ಬರುತ್ತೆ.

ಜ್ವರಕ್ಕೆ ಪ್ಯಾರಾಸಿಟಮಾಲ್ ಕೆಜಿಗೆ 15 ಮಿಗ್ರಾಂ: 5 ಎಂಎಲ್‌ಗೆ 250 ಇರುವ ಸಿರಪ್‌ನಲ್ಲಿ 28 ಕೆಜಿಗೆ ಸುಮಾರು 8 ಎಂಎಲ್, ದಿನಕ್ಕೆ ನಾಲ್ಕು ಸಲ ಮೀರದಂತೆ. ಐಬುಪ್ರೊಫೆನ್, ಮೆಫೆನಾಮಿಕ್ ಆ್ಯಸಿಡ್ ಬೇಡ, ಕರುಳು ಕೆರಳುತ್ತೆ.

ಮಳೆಗಾಲದಲ್ಲಿ ಪ್ಲೇಟ್‌ಲೆಟ್ ಬಿದ್ದರೆ ಡೆಂಗಿ ನೋಡಿ, ಸರಿ. ಜ್ವರ ಹೋಗಿ ತಿಂಗಳಾದರೂ 1.5 ಲಕ್ಷದ ಕೆಳಗೇ ಇದ್ದು, ಗುಲ್ಮ ಕೈಗೆ ಸಿಕ್ಕರೆ ಅದು ಲಿವರ್ ಗಟ್ಟಿಯಾಗಿ ಒತ್ತಡ ಏರಿದ್ದರ ಲಕ್ಷಣ.

ಆರೋಗ್ಯಮಿತ್ರ_ರಾಯಚೂರು

ಖರ್ಚಿನ ಬಗ್ಗೆ: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ, ಎಪಿಎಲ್‌ಗೆ ಪ್ಯಾಕೇಜ್ ದರದ ಶೇ. 30. ಇದು ದಾಖಲಾದಾಗಿನ ಚಿಕಿತ್ಸೆಗೆ. ತಿಂಗಳ 90 ವಯಲ್, ಹೊರರೋಗಿ ಮಾತ್ರೆ ಇದರಲ್ಲಿ ಬರಲ್ಲ. ಆ ಲೆಕ್ಕವನ್ನು ಮನೆಯವರಿಗೆ ಶುರುವಿನಲ್ಲೇ ಹೇಳಿ. ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳ, ಬಳ್ಳಾರಿಯಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆ. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ ನಿಜ, ಆದರೆ ನಮ್ಮ ರಾಜ್ಯದ ರೆಫರಲ್ ಅಲ್ಲಿನ ಯಾವ ಆಸ್ಪತ್ರೆಯಲ್ಲಿ ನಡೆಯುತ್ತೆ ಅಂತ ಟಿಕೆಟ್ ತೆಗೆಯುವ ಮುಂಚೆ ನಮ್ಮ ಕೌಂಟರ್‌ನಲ್ಲಿ ಕೇಳಿ. ಮಗುವಿನ ಹೆಸರು ರೇಷನ್ ಕಾರ್ಡ್‌ನಲ್ಲೂ ಆಧಾರ್‌ನಲ್ಲೂ ಒಂದೇ ರೀತಿ ಇರಲಿ. ಅರ್ಜಿಗಳು ನಿಲ್ಲೋದು ಅಲ್ಲೇ.

ಸಿಂಧನೂರು_ಮಕ್ಕಳ_ಡಾಕ್ಟರ್

ಉಪಯೋಗ ಆಯ್ತು. ಕೊನೆಗೆ ಎರಡು: ಮೂರು ತಿಂಗಳ ನಂತರ ನಾವು ಏನು ನೋಡ್ತಾ ಇರಬೇಕು? ಕಸಿ ಬಗ್ಗೆ ಮನೆಯವರಿಗೆ ಏನು ಹೇಳಬೇಕು?

ಪಿತ್ತನಾಳ

ಲಿವರ್ ಪರೀಕ್ಷೆ, ಸಿಬಿಸಿ ಮೂರು ತಿಂಗಳಿಗೊಮ್ಮೆ ಸಿಂಧನೂರಿನಲ್ಲೇ ಆಗಲಿ, ಒಂದೇ ಲ್ಯಾಬ್‌ನಲ್ಲಿ. ಎತ್ತರ, ತೂಕ ಪ್ರತಿ ಸಲ. ಎಂಆರ್‌ಸಿಪಿ ವರ್ಷಕ್ಕೋ ಎರಡು ವರ್ಷಕ್ಕೋ. ಕರುಳಿನ ಕ್ಯಾನ್ಸರ್ ಅಪಾಯ ಇರುವುದರಿಂದ ಕೊಲೊನೊಸ್ಕೋಪಿ ನಿಯಮಿತವಾಗಿ. ಯುರೋಪಿನ ಮಾರ್ಗಸೂಚಿ 12 ವರ್ಷದಿಂದ ಅನ್ನುತ್ತೆ, ಅಮೆರಿಕದ್ದು 15ರಿಂದ. ಕೊಲೈಟಿಸ್ ಶಾಂತವಾಗಿದೆ ಅಂತ ಇದನ್ನು ಬಿಡುವ ಹಾಗಿಲ್ಲ.

ಕಸಿ ಬಗ್ಗೆ ನಿಜ ಹೇಳಿ. ಆ 781 ಮಕ್ಕಳಲ್ಲಿ ಐದು ವರ್ಷಕ್ಕೆ ಶೇ. 88, ಹತ್ತು ವರ್ಷಕ್ಕೆ ಶೇ. 70 ಮಕ್ಕಳು ತಮ್ಮ ಸ್ವಂತ ಲಿವರ್‌ನಲ್ಲೇ ಬದುಕಿದ್ದರು. ಪಿತ್ತನಾಳದ ಕ್ಯಾನ್ಸರ್ ಶೇ. 1. ಕಸಿಯಾದ ಮೇಲೆ ಹೊಸ ಲಿವರ್‌ಗೂ ಈ ಕಾಯಿಲೆ ಬರಬಹುದು, ಐದು ವರ್ಷದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮಗುವಿಗೆ. ಬಿಲಿರುಬಿನ್ ಇಳಿಯದೆ ಏರ್ತಾ ಹೋದರೆ, ಅಲ್ಬುಮಿನ್ ಬಿದ್ದರೆ, ಪದೇ ಪದೇ ಸೋಂಕು ಬಂದರೆ, ರಕ್ತವಾಂತಿ ಒಮ್ಮೆ ಆದರೂ, ಕಸಿ ಕೇಂದ್ರಕ್ಕೆ ಆಗಲೇ ಕಳಿಸಿ. ಹೊಟ್ಟೆಯಲ್ಲಿ ನೀರು ತುಂಬುವ ತನಕ ಕಾಯಬಾರದು.

ಔಷಧಿ_ಅಂಗಡಿ_ಗಂಗಾವತಿ

ಸರ, ತೂಕದ ಮಾತು ಬಂತಲ್ಲ. 28 ಇದ್ದದ್ದು 30 ಕೆಜಿ ಆದರ ವ್ಯಾಂಕೊಮೈಸಿನ್ 1500ಕ್ಕ ಮುಟ್ಟಿತು, ಅಲ್ಲಿಗೆ ನಿಲ್ತದ. ಸಲಕ್ಕೆ 500, ಒಂದು ವಯಲ್ ಪೂರ್ತಿ. ಉರ್ಸೊ 450 ಅಂದರ ಕೆಜಿಗೆ 15, ಇನ್ನೂ ನಡೀತದ. 30 ದಾಟಿದ ಮ್ಯಾಲೆ ಅದನ್ನ ಮತ್ತ ಲೆಕ್ಕ ಹಾಕಿ ಹೊಸ ಚೀಟಿ ಕೊಡ್ರಿ, ಹಳೇ ಚೀಟಿ ಹರಿದು ಹಾಕ್ರಿ. ಎರಡೂ ಚೀಟಿ ಮನಿಯಾಗ ಉಳಿದರ ಯಾವುದು ತರ್ತಾರ ಗೊತ್ತಾಗಂಗಿಲ್ಲ.